ನಡುವಿನ ಸಾಲು

ಆ ಕೋಣೆಯಲ್ಲಿ ಪೆನ್ನು ಮೇಜಿನ ಈಚೆಗೆ ಬರುತ್ತಿರಲಿಲ್ಲ. ಹಾಗಂತ ಎಲ್ಲೂ ಬರೆದು ಅಂಟಿಸಿರಲಿಲ್ಲ. ಆದರೂ ಕಾಲೇಜಿನ ಬರಹ ಸಹಾಯ ಕೊಠಡಿಗೆ ಕೆಲಸಕ್ಕೆ ಸೇರಿದವರಿಗೆ ಮೊದಲ ದಿನ ಹೇಳಿಕೊಡುತ್ತಿದ್ದ ಪಾಠ ಅದೇ. ಬರೆಯಲು ಬಂದವರು ಆಚೆ ಕೂರಬೇಕು, ಹೇಳಿಕೊಡುವವರು ಈಚೆ. ಹಾಳೆ ಬರೆಯುವವರ ಕಡೆಗೇ ಮುಖ ಮಾಡಿರಬೇಕು. ಬರೆದದ್ದನ್ನು ಮೊದಲು ಅವರೇ ಗಟ್ಟಿಯಾಗಿ ಓದಬೇಕು. ಎಡವಿದಲ್ಲಿ ಒಂದು ಪ್ರಶ್ನೆ ಕೇಳಬಹುದು; ಕೇಳಿದ ಮೇಲೆ ಬಾಯಿಗೆ ಬೀಗ. "ಕೈ ಕೆಳಗೆ, ಕಿವಿ ಮೇಲೆ" ಎಂದು ಕೋಣೆಯ ಹಿರಿಯ ಮೇಷ್ಟ್ರು ಹೇಳುತ್ತಿದ್ದರು. ಹೇಳುವಾಗ ತಮ್ಮ ಎರಡೂ ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ತೋರಿಸುತ್ತಿದ್ದರು.

ಈ ವಿದ್ಯೆಯಲ್ಲಿ ಎಲ್ಲರಿಗಿಂತ ಪಳಗಿದವಳು ಕಿಟಕಿ ಪಕ್ಕದ ಮೇಜಿನವಳು. ಎಂ.ಎ. ಮುಗಿಸಿ, ಬೇರೆ ಕೆಲಸ ಸಿಗುವ ತನಕ ಎಂದು ಸೇರಿದವಳು ಅಲ್ಲೇ ಬೇರು ಬಿಟ್ಟಿದ್ದಳು. ಸಹೋದ್ಯೋಗಿಗಳು ಅವಳಿಗೆ ಮೌನಗೌರಿ ಎಂದು ಹೆಸರಿಟ್ಟಿದ್ದರು. "ಅವಳೆದುರು ಸ್ವಲ್ಪ ಹೊತ್ತು ಕೂರಿಸಿದ್ರೆ ಗೋಡೆನೂ ಬಾಯಿ ಬಿಡುತ್ತೆ ಕಣ್ರೀ" ಎಂದು ನಗುತ್ತಿದ್ದರು. ನಿಜವೇ. ಪ್ರಶ್ನೆ ಕೇಳಿ ಸುಮ್ಮನೆ ಕೂತರೆ, ಎದುರಿನವರು ಮೊದಲು ಸೂರು ನೋಡುತ್ತಾರೆ, ಆಮೇಲೆ ಪೆನ್ನಿನ ಮುಚ್ಚಳ ಕಚ್ಚುತ್ತಾರೆ, ಆಮೇಲೆ ಅವರ ಬಾಯಿಂದಲೇ ಮಾತು ಬರುತ್ತದೆ, ಅದನ್ನೇ ಬರೆಯುತ್ತಾರೆ. ಬೇರೆಯವರಿಗೆ ಅದು ತಾಳ್ಮೆಯಾಗಿ ಕಾಣುತ್ತಿತ್ತು. ಅವಳಿಗೆ ಮಾತ್ರ ಗೊತ್ತಿತ್ತು, ತನಗೆ ಚಿಕ್ಕಂದಿನಿಂದಲೂ ಮಾತಿಗಿಂತ ಮಾತಿಲ್ಲದ ಜಾಗವೇ ಹೆಚ್ಚು ಅರ್ಥವಾಗುತ್ತಿತ್ತು. ಪದ ಹುಡುಕುವವರ ಮೌನ ಬೇರೆ, ಬೇಸರದ ಮೌನ ಬೇರೆ, ಬಾಯಿಗೆ ಬಂದದ್ದನ್ನು ನುಂಗುವವರ ಮೌನವೇ ಬೇರೆ. ಕೊನೆಯದರಲ್ಲಿ ಗಂಟಲು ಅಲ್ಲಾಡುತ್ತದೆ.

ಇಷ್ಟೆಲ್ಲ ಗೊತ್ತಿದ್ದವಳೇ ನಿನ್ನೆ ಸಂಜೆ ತಪ್ಪಿದ್ದಳು.

ನಿನ್ನೆ ಬಾಗಿಲು ಮುಚ್ಚುವ ಹೊತ್ತಿಗೆ ನರ್ಸಿಂಗ್ ಓದುವ ಹುಡುಗಿಯೊಬ್ಬಳು ಓಡಿಬಂದಿದ್ದಳು. ಕೊನೆಯ ವರ್ಷ. ಬಿಳಿ ಕೋಟನ್ನು ಸುತ್ತಿ ಚೀಲಕ್ಕೆ ತುರುಕಿಕೊಂಡಿದ್ದಳು. ಹೋದವಾರ ಅವಳು ಡ್ಯೂಟಿಯಲ್ಲಿದ್ದಾಗ ವಾರ್ಡಿನಲ್ಲಿ ಒಬ್ಬ ಮುದುಕರು ಮಂಚದಿಂದ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ವಿಚಾರಣೆ ಮಾರನೆಯ ದಿನ ಮಧ್ಯಾಹ್ನ. ಸಮಿತಿಯವರ ಮುಂದೆ ತನ್ನ ಹೇಳಿಕೆಯನ್ನು ತಾನೇ ಓದಬೇಕು, ಅವರು ಕೇಳಿದ್ದಕ್ಕೆಲ್ಲ ಉತ್ತರ ಕೊಡಬೇಕು, ಕೆಳಗೆ ರುಜು ಹಾಕಬೇಕು. ಏನಾದರೂ ಹೆಚ್ಚುಕಡಿಮೆಯಾದರೆ ತರಬೇತಿಯಿಂದಲೇ ಹೊರಗೆ.

"ಕಂಟೆಂಟ್ ಎಲ್ಲ ಸರಿಯಿದೆ ಮೇಡಂ. ಭಾಷೆ ಮಾತ್ರ ನೋಡಿ ಸಾಕು" ಎಂದಿದ್ದಳು.

ಮೌನಗೌರಿ ಓದಿಸಿದಳು. ಹುಡುಗಿ ಪಾಠ ಒಪ್ಪಿಸುವವಳ ಹಾಗೆ ಓದಿದಳು. ಮಾತ್ರೆ ಕೊಟ್ಟದ್ದು, ರಕ್ತದೊತ್ತಡ ನೋಡಿದ್ದು, ಮಂಚದ ಪಕ್ಕದ ಕಂಬಿ ಎತ್ತಿದ್ದು, ಎಲ್ಲ ಸರಾಗ. ಆಮೇಲೆ: "ರೋಗಿಯ ಕರೆಗಂಟೆ ಬಾರಿಸಿತು. ರೋಗಿಯು ನೆಲದ ಮೇಲೆ ಬಿದ್ದಿದ್ದರು." ಈ ಎರಡು ವಾಕ್ಯಗಳ ನಡುವೆ ಮೆಟ್ಟಿಲು ತಪ್ಪಿದಂತಾಯಿತು.

"ಇದಕ್ಕೂ ಅದಕ್ಕೂ ನಡುವೆ ಏನಾಯ್ತು?" ಎಂದು ಮೌನಗೌರಿ ಕೇಳಿದಳು.

ಹುಡುಗಿ ಸೂರು ನೋಡಲಿಲ್ಲ, ಮುಚ್ಚಳ ಕಚ್ಚಲಿಲ್ಲ. ಅವಳ ಗಂಟಲು ಅಲ್ಲಾಡಿತು. ಕಣ್ಣು ತುಂಬಿ ಬಂತು. ಹೊರಗೆ ಕಾವಲಿನವನು ಬೀಗದಕೈ ಗೊಂಚಲು ಆಡಿಸುತ್ತಿದ್ದ. ಮೌನಗೌರಿಗೆ ಯಾಕೋ ಆ ಕಣ್ಣುಗಳನ್ನು ನೋಡುತ್ತ ಕೂರಲು ಆಗಲಿಲ್ಲ. ಎಷ್ಟೋ ಜನರ ಮೌನವನ್ನು ಕಾದವಳು, ಇದೊಂದನ್ನು ಮುಚ್ಚಿಬಿಡಬೇಕು ಅನ್ನಿಸಿತು.

"ಇಲ್ಲೊಂದು ಕೊಂಡಿ ಬೇಕು, ಅಷ್ಟೇ. 'ಗಂಟೆ ಕೇಳಿದ ಕೂಡಲೇ ನಾನು ರೋಗಿಯ ಕಡೆಗೆ ಧಾವಿಸಿದೆ, ಆದರೆ ಅಷ್ಟರಲ್ಲೇ...' ಅಂತ ಹಾಕಿದ್ರೆ ಮುಂದಿನದಕ್ಕೆ ಸೇರಿಕೊಳ್ಳುತ್ತೆ, ಅಲ್ವಾ?"

ಹುಡುಗಿಯ ಪೆನ್ನು ಓಡಿತು. ಅಷ್ಟು ಬೇಗ ಯಾರೂ ಬರೆದದ್ದನ್ನು ಮೌನಗೌರಿ ನೋಡಿರಲಿಲ್ಲ. ಪೆನ್ನು ಈಚೆಗೆ ಬಂದಿರಲಿಲ್ಲ, ನಿಜ. ನಾಲಿಗೆ ಆಚೆಗೆ ಹೋಗಿತ್ತು.

ಮನೆಗೆ ಹೋಗುವ ದಾರಿಯುದ್ದಕ್ಕೂ ಆ ಓಟವೇ ಕಣ್ಣ ಮುಂದೆ ಬರುತ್ತಿತ್ತು. ಕೊಂಡಿ ಎಂದುಕೊಂಡು ಕೊಟ್ಟದ್ದು ಕೊಂಡಿಯಾಗಿತ್ತೋ, ಘಟನೆಯಾಗಿತ್ತೋ? ಪ್ರಬಂಧಗಳಲ್ಲಿ ಹಾಗೆ ಎಷ್ಟೋ ಸಲ ಸೂಚಿಸಿದ್ದುಂಟು: ಇಲ್ಲಿ ಒಂದು ವಾಕ್ಯ ಬೇಕು, ಇಲ್ಲಿ ಓದುವವರು ಎಡವುತ್ತಾರೆ ಅಂತ. ಅಲ್ಲಿ ಎಡವಿದರೆ ಯಾರ ಮೂಳೆಯೂ ಮುರಿಯುವುದಿಲ್ಲ.

ಇವತ್ತು ಹುಡುಗಿ ಒಬ್ಬಳೇ ಬರಲಿಲ್ಲ.

ಜೊತೆಗೆ ಅವಳ ಚಿಕ್ಕಮ್ಮನೂ ಬಂದಿದ್ದರು. ಎತ್ತರದ ಹೆಂಗಸು, ಎದೆಯ ಮೇಲೆ ಪಿನ್ನಿಗೆ ಸಿಕ್ಕಿಸಿದ ನರ್ಸುಗಳ ಗಡಿಯಾರ, ಕೈಯಲ್ಲಿ ನೀಲಿ ಫೈಲು. ಬಾಗಿಲು ದಾಟುತ್ತಲೇ ಕೋಣೆಯನ್ನೆಲ್ಲ ಒಂದು ಸುತ್ತು ನೋಡಿದರು. ವಾರ್ಡಿನಲ್ಲಿ ಮಂಚ ಎಣಿಸುವವರ ನೋಟ. ಕುರ್ಚಿ ಎಳೆದುಕೊಂಡು ಹುಡುಗಿಗಿಂತ ಮೊದಲೇ ಕೂತರು.

"ನಾನು ಇವಳ ಚಿಕ್ಕಮ್ಮ. ಆ ವಾರ್ಡಿನ ಹೆಡ್ ಸಿಸ್ಟರೂ ನಾನೇ. ಇವಳಿಗೆ ಈ ಸೀಟು ಕೊಡಿಸಿದ್ದೂ ನಾನೇ ಅನ್ನಿ. ನಮ್ಮಕ್ಕ ಹೋದ ಮೇಲೆ ತಾಯಿಯೂ ನಾನೇ." ಒಂದೇ ಉಸಿರಿಗೆ ಇಷ್ಟು ಹೇಳಿ ನಕ್ಕರು. "ನಿಮಗೆ ಥ್ಯಾಂಕ್ಸ್ ಹೇಳೋಣ ಅಂತ ಬಂದೆ. ನಿಮ್ಮ ಆ ಒಂದು ಸಾಲು ಇದೆ ನೋಡಿ ಮೇಡಂ, ಇಡೀ ಕೇಸನ್ನೇ ಉಳಿಸಿಬಿಡ್ತು."

"ಯಾವ ಸಾಲು?" ಮೌನಗೌರಿ ಗೊತ್ತಿದ್ದೇ ಕೇಳಿದಳು.

"ಅದೇ, 'ಗಂಟೆ ಕೇಳಿದ ಕೂಡಲೇ ಧಾವಿಸಿದೆ.' ನಾವು ಎಷ್ಟು ತಲೆ ಚಚ್ಚಿಕೊಂಡ್ರೂ ಹೊಳೆದಿರ್ಲಿಲ್ಲ. ಓದಿದವರು ಓದಿದವರೇ ಅನ್ನಿ. ನನ್ನ ಹೇಳಿಕೆಯಲ್ಲೂ ಅದನ್ನೇ ಹಾಕಿದ್ದೀನಿ, 'ಆಕೆ ಕೂಡಲೇ ಧಾವಿಸಿದ್ದನ್ನು ನಾನು ಕಣ್ಣಾರೆ ಕಂಡೆ' ಅಂತ. ಇಬ್ಬರದೂ ತಾಳೆಯಾಗ್ಬೇಕಲ್ಲ?"

ಮೌನಗೌರಿ ಹುಡುಗಿಯ ಕಡೆ ತಿರುಗಿದಳು. ಹುಡುಗಿ ಪೆನ್ನನ್ನೇ ನೋಡುತ್ತಿದ್ದಳು. ಹೊಳೆದಿರಲಿಲ್ಲವಂತೆ. ನಡೆದದ್ದಾದರೆ ಅದು ಹೊಳೆಯುವುದೇಕೆ?

"ಪುಟ್ಟಿ, ಹಾಳೆ ಕೊಡು ಮೇಡಮ್ಮಿಗೆ. ಒಂದ್ಸಲ ಕಾಗುಣಿತ ನೋಡಿಕೊಟ್ಬಿಡಿ ಮೇಡಂ, ಮೂರು ಗಂಟೆಗೆ ಹೋಗ್ಬೇಕು."

"ಹೋದವಾರ ಏನಾಯ್ತು ಅಂತ..." ಎಂದು ಮೌನಗೌರಿ ಹುಡುಗಿಯನ್ನು ಕೇಳಹೊರಟಳು.

"ಏನಾಗುತ್ತೆ? ಬೆಲ್ ಹೊಡೀತು, ಇವಳು ಓಡಿದ್ಲು, ಅಷ್ಟರಲ್ಲಿ ಆತ ಬಿದ್ದಿದ್ರು" ಎಂದರು ಚಿಕ್ಕಮ್ಮ.

"ನೀವು ಎಲ್ಲಿದ್ರಿ?" ಎಂದು ಮತ್ತೆ ಹುಡುಗಿಯನ್ನೇ ಕೇಳಿದಳು.

"ನರ್ಸ್ ಟೇಬಲ್ ಹತ್ರ ಇದ್ಲು, ನನ್ನ ಪಕ್ಕದಲ್ಲೇ" ಎಂದರು ಚಿಕ್ಕಮ್ಮ.

ಹುಡುಗಿಯ ತುಟಿ ಬಿಚ್ಚಿಕೊಳ್ಳುವುದರೊಳಗೆ ಉತ್ತರ ಪಕ್ಕದಿಂದ ಬಂದು ಬೀಳುತ್ತಿತ್ತು. "ಒಂದು ನಿಮಿಷ ಬಂದೆ" ಎಂದು ಮೌನಗೌರಿ ಎದ್ದು ಒಳಕೋಣೆಗೆ ಹೋದಳು.

ಮೇಷ್ಟ್ರು ಕನ್ನಡಕ ಹಣೆಗೇರಿಸಿಕೊಂಡು ಯಾರದೋ ಪ್ರಬಂಧ ಓದುತ್ತಿದ್ದರು. ನಡೆದದ್ದನ್ನೆಲ್ಲ ಕೇಳಿಸಿಕೊಂಡರು. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಅದು ಸುಳ್ಳು ಅಂತ ನಿಂಗೆ ಗೊತ್ತಾ?"

"ಗೊತ್ತಿಲ್ಲ. ಅನ್ನಿಸ್ತಿದೆ."

"ಅನ್ನಿಸಿದ್ದಕ್ಕೆಲ್ಲ ಪೊಲೀಸ್ ಕೆಲಸ ಮಾಡಕ್ಕಾಗಲ್ಲ ಕಣಮ್ಮ. ಏನು ಬರೀಬೇಕು ಅಂತ ಹೇಳೋ ಅಧಿಕಾರ ನಮಗಿಲ್ಲ. ಇದು ಬರಿ ಅನ್ನೋದೂ ತಪ್ಪು, ಅದು ಬರೀಬೇಡ ಅನ್ನೋದೂ ತಪ್ಪು."

"ಹಾಗಾದ್ರೆ ಕಾಗುಣಿತ ತಿದ್ದಿ ಕಳಿಸ್ಲಾ?"

ಮೇಷ್ಟ್ರು ಕನ್ನಡಕ ಕೆಳಗಿಳಿಸಿದರು. "ಆ ಹಾಳೆಯಲ್ಲಿ ಮಿಕ್ಕಿದ್ದೆಲ್ಲ ಅವಳದು. ಆ ಒಂದು ಸಾಲು ಮಾತ್ರ ನಿಂದು. ನಿಂದನ್ನ ನೀನು ವಾಪಸ್ ತಗೋಬಹುದಲ್ಲ?" ಎದ್ದು, "ಚಿಕ್ಕಮ್ಮನ್ನ ನಂಗೆ ಬಿಡು" ಎಂದರು.

ಹೊರಗೆ ಬಂದು ಮೇಷ್ಟ್ರು ಕೈಮುಗಿದರು. "ಅಮ್ಮಾ, ಇಲ್ಲಿ ಬರೆಯೋರಿಗೆ ಒಂದೇ ಕುರ್ಚಿ. ಜೊತೆಗೆ ಬಂದೋರು ಹೊರಗೆ ಬೆಂಚಿನ ಮೇಲೆ. ಎಲ್ಲರಿಗೂ ಇದೇ ನಿಯಮ. ಬನ್ನಿ, ಟೀ ಕುಡಿಯೋಣ."

"ನಾನು ಅವಳ ತಾಯಿ ಇದ್ದ ಹಾಗೆ ಅಂತ ಹೇಳ್ದೆನಲ್ಲ?"

"ಹೆತ್ತ ತಾಯಿ ಬಂದ್ರೂ ಬೆಂಚೇ ಅಮ್ಮಾ. ಹೋದ ತಿಂಗಳು ಒಬ್ಬ ಪ್ರೊಫೆಸರ್ ಗಂಡನ್ನೂ ಅಲ್ಲೇ ಕೂರಿಸಿದ್ವಿ. ಪಾಪ, ಸೊಳ್ಳೆ ಕಚ್ಚಿಸಿಕೊಂಡ್ರು."

ಚಿಕ್ಕಮ್ಮ ನಗಲಿಲ್ಲ. ಎದ್ದರು. ಹುಡುಗಿಯ ಹೆಗಲ ಮೇಲೆ ಕೈಯಿಟ್ಟು ಸ್ವಲ್ಪ ಒತ್ತಿದರು. "ಕಾಗುಣಿತ ಅಷ್ಟೇ, ಪುಟ್ಟಿ" ಎಂದರು. ಮೆತ್ತಗೆ ಹೇಳಿದರು, ಆದರೆ ಆ ಕೈ ಮೆತ್ತಗಿರಲಿಲ್ಲ.

ಬಾಗಿಲ ಮೇಲರ್ಧ ಗಾಜಿನದು. ಅದರಾಚೆ ಚಿಕ್ಕಮ್ಮ ಟೀ ಬೇಡವೆಂದು ಕೈಯಾಡಿಸಿದ್ದು ಕಂಡಿತು. ಬೆಂಚಿನ ಮೇಲೂ ಕೂರಲಿಲ್ಲ. ಗಾಜಿಗೆ ಮುಖ ಕೊಟ್ಟು ನಿಂತರು.

ಮೌನಗೌರಿ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡಳು.

"ನಿನ್ನೆ ನಾನೊಂದು ತಪ್ಪು ಮಾಡಿದೆ. ಆ 'ಧಾವಿಸಿದೆ' ಅನ್ನೋ ಸಾಲು ನೀವು ಹೇಳಿದ್ದಲ್ಲ, ನಾನು ಹೇಳಿದ್ದು. ನಾನು ಆ ವಾರ್ಡಲ್ಲಿ ಇರ್ಲಿಲ್ಲ. ಏನಾಯ್ತು ಅಂತ ನಂಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಹೇಳಿಕೊಟ್ಟೆ. ಅದನ್ನ ವಾಪಸ್ ತಗೋತಿದ್ದೀನಿ."

ಹುಡುಗಿ ಬೆಚ್ಚಿದಳು. "ಬೇಡ ಮೇಡಂ. ಇರ್ಲಿ. ಚೆನ್ನಾಗಿದೆ."

"ಚೆನ್ನಾಗಿದೆ. ಅದೇ ಕಷ್ಟ." ಹಾಗಂದ ಮೇಲೆ ಆ ಮಾತೂ ಹೆಚ್ಚಾಯಿತು ಅನ್ನಿಸಿತು. "ಒಂದ್ಸಲ ಓದಿ. ಆ ಸಾಲನ್ನ ಬಿಟ್ಟು. ಬಿಟ್ಟ ಜಾಗದಲ್ಲಿ ನಿಲ್ಲಿಸಿ."

ಹುಡುಗಿ ಸ್ಕೇಲನ್ನು ಆ ಸಾಲಿನ ಮೇಲೆ ಅಡ್ಡ ಇಟ್ಟಳು. ಓದಿದಳು. "ರೋಗಿಯ ಕರೆಗಂಟೆ ಬಾರಿಸಿತು."

ನಿಲ್ಲಿಸಿದಳು.

"ಆಗ ನೀವು ನಿಂತಿದ್ರಾ, ಕೂತಿದ್ರಾ?" ಎಂದು ಮೌನಗೌರಿ ಕೇಳಿದಳು. ಕೇಳಿದವಳು ಬಾಯಿ ಮುಚ್ಚಿದಳು.

ಪಕ್ಕದ ಮೇಜಿನಲ್ಲಿ ಯಾರೋ ಉಪಸಂಹಾರ ಬರೆಯುವುದು ಹೇಗೆಂದು ಕೇಳುತ್ತಿದ್ದರು. ಫ್ಯಾನು ಸುತ್ತುವಾಗೆಲ್ಲ ಹಾಳೆಯ ಅಂಚು ಎದ್ದು ಬೀಳುತ್ತಿತ್ತು. ಗಾಜಿನಾಚೆ ಚಿಕ್ಕಮ್ಮ ಎದೆಯ ಮೇಲಿನ ಗಡಿಯಾರವನ್ನು ಬೆರಳಿನಿಂದ ತಟ್ಟಿ ತೋರಿಸಿದರು. ಹುಡುಗಿಯ ಗಂಟಲು ನಿನ್ನೆಯ ಹಾಗೆಯೇ ಅಲ್ಲಾಡಿತು, ಕಣ್ಣು ನಿನ್ನೆಯ ಹಾಗೆಯೇ ತುಂಬಿತು. ಮೌನಗೌರಿಯ ನಾಲಿಗೆಯ ತುದಿಗೆ ಸಾಂತ್ವನದ ಮಾತುಗಳು ಒಂದರ ಹಿಂದೆ ಒಂದು ಬಂದು ನಿಂತವು. ಹಲ್ಲು ಕಚ್ಚಿ ಹಿಡಿದಳು. ಕಾಯುವುದು ದಯೆಯೋ ಹಿಂಸೆಯೋ ಎಂದು ಅವಳಿಗೆ ಆ ಗಳಿಗೆಯಲ್ಲಿ ನಿಜಕ್ಕೂ ತಿಳಿಯಲಿಲ್ಲ. ಎದುರಿಗೆ ಒಬ್ಬಳು ಮುಳುಗುತ್ತಿದ್ದಾಳೆ, ತಾನು ದಡದಲ್ಲಿ ಕೈ ಕಟ್ಟಿಕೊಂಡು ಕೂತಿದ್ದೇನೆ ಅನ್ನಿಸಿತು. ಆದರೆ ನಿನ್ನೆ ಚಾಚಿದ ಕೈಯೇ ಇವಳನ್ನು ಇನ್ನಷ್ಟು ಆಳಕ್ಕೆ ಎಳೆದಿತ್ತಲ್ಲ.

"ಕೂತಿದ್ದೆ" ಎಂದಳು ಹುಡುಗಿ.

ಮೌನಗೌರಿ ತಲೆಯಾಡಿಸಲೂ ಇಲ್ಲ.

"ಬೆಲ್ ಹೊಡೀತು. ಎದ್ದೆ. ಚಿಕ್ಕಮ್ಮ, 'ಕೂತ್ಕೊಳ್ಳೇ, ಅದು ಬೆಲ್ ತಾತ' ಅಂದ್ರು. ಅವ್ರಿಗೆ ನಾವೆಲ್ಲ ಬೆಲ್ ತಾತ ಅಂತಿದ್ವಿ ಮೇಡಂ. ದಿಂಬು ಸರಿಮಾಡು, ಕಿಟಕಿ ಹಾಕು, ಕಿಟಕಿ ತೆಗಿ... ಸುಮ್‌ಸುಮ್ನೆ ಒತ್ತೋರು. ಕೂತೆ. ಮತ್ತೆ ಹೊಡೀತು. ಚಿಕ್ಕಮ್ಮ, 'ನೋಡು, ಬೆರಳು ಸವೆದು ಹೋಗುತ್ತೆ ಮುದುಕನಿಗೆ' ಅಂದ್ರು. ಎಲ್ಲರೂ ನಕ್ವಿ. ನಾನೂ ನಕ್ಕೆ." ಹುಡುಗಿ ಹಿಂಗೈಯಿಂದ ಮೂಗು ಒರೆಸಿಕೊಂಡಳು. "ಆಮೇಲೆ ಹೊಡೀಲಿಲ್ಲ. ನಿಂತುಹೋಯ್ತು. ಸದ್ಯ ನಿಂತಿತಲ್ಲ ಅಂತ ನಂಗೆ ಸಮಾಧಾನ ಆಯ್ತು ಮೇಡಂ. ಸಮಾಧಾನ ಆಯ್ತು."

ಸ್ಕೇಲು ಆ ಸಾಲಿನ ಮೇಲೆಯೇ ಇತ್ತು.

"ಅವರು ಈಗ ಹೇಗಿದ್ದಾರೆ?"

"ಆಪರೇಷನ್ ಆಗಿದೆ. ಮತ್ತೆ ನಡೀತಾರೋ ಇಲ್ವೋ ಗೊತ್ತಿಲ್ಲ. ಈಗ ಬೆಲ್ ಒತ್ತೋದೇ ಇಲ್ಲ. ನೀರು ಬೇಕಾದ್ರೂ ಒತ್ತಲ್ಲ." ಹುಡುಗಿ ತಲೆಯೆತ್ತಿದಳು. "ಈಗ ಏನ್ ಬರೀಲಿ? ಇದನ್ನ ಬರೆದ್ರೆ ನನ್ನ ಓದು ಹೋಯ್ತು. ಚಿಕ್ಕಮ್ಮನ ಕೆಲ್ಸ ಹೋಯ್ತು. ಅವರಿಲ್ದಿದ್ರೆ ನಾನು ಎಲ್ಲಿರ್ತಿದ್ದೆ ಗೊತ್ತಾ ನಿಮಗೆ? ನೀವೇ ಹೇಳಿ, ಏನ್ ಬರೀಲಿ?"

ಇದು ನಿನ್ನೆಗಿಂತ ದೊಡ್ಡ ಬಲೆ. ಸತ್ಯ ಬರಿ ಎಂದುಬಿಡುವುದು ಎಷ್ಟು ಸುಲಭ! ಹೇಳಿದವಳು ಸಂಜೆ ಬೀಗ ಹಾಕಿ ಮನೆಗೆ ಹೋಗುತ್ತಾಳೆ. ಬೀದಿಗೆ ಬೀಳುವವಳು ಇವಳು. ಹಾಗಂತ ಸುಮ್ಮನಿದ್ದುಬಿಟ್ಟರೆ, ತನ್ನದೇ ಬಾಯಿಂದ ಹುಟ್ಟಿದ ಸುಳ್ಳಿಗೆ ಇವಳ ರುಜು ಬೀಳುತ್ತದೆ.

"ಅದನ್ನ ನಾನು ಹೇಳಕ್ಕಾಗಲ್ಲ" ಎಂದಳು. "ಒಂದು ಮಾತ್ರ ಕೇಳ್ತೀನಿ. ಮೂರು ಗಂಟೆಗೆ ಅವರು ಒಂದೊಂದೇ ಸಾಲು ಹಿಡಿದು ಪ್ರಶ್ನೆ ಕೇಳ್ತಾರೆ. ಯಾವ ಸಾಲಿನ ಹಿಂದೆ ನಿಮಗೆ ನಿಂತ್ಕೊಳ್ಳಕ್ಕಾಗುತ್ತೆ?"

ಹುಡುಗಿ ಬಹಳ ಹೊತ್ತು ಹಾಳೆ ನೋಡಿದಳು. ಗಾಜಿನ ಮೇಲೆ ಬೆರಳ ಗೆಣ್ಣಿನ ಸದ್ದಾಯಿತು, ಟಕ್ ಟಕ್. ಅವಳು ತಿರುಗಲಿಲ್ಲ. ಸ್ಕೇಲನ್ನು ತುಸು ಕೆಳಗೆ ಜಾರಿಸಿ, ಅದರ ಅಂಚಿಗೇ ಪೆನ್ನು ಹಿಡಿದು ಆ ಸಾಲನ್ನು ಹೊಡೆದು ಹಾಕಿದಳು. ಪಕ್ಕದ ಖಾಲಿ ಜಾಗದಲ್ಲಿ ಬರೆದಳು. ನಿನ್ನೆಯ ಓಟವಿರಲಿಲ್ಲ, ಒಂದೊಂದು ಅಕ್ಷರವನ್ನೂ ಭಾರ ಎತ್ತಿಡುವವಳಂತೆ ಇಟ್ಟಳು. ಬರೆದು ಮುಗಿಸಿ, ಹೇಳಿಸಿಕೊಳ್ಳದೆಯೇ ಗಟ್ಟಿಯಾಗಿ ಓದಿದಳು.

"ಗಂಟೆ ಬಾರಿಸಿದಾಗ ನಾನು ಎದ್ದೆ, ಮತ್ತೆ ಕೂತೆ. ಗಂಟೆ ಎರಡನೆಯ ಸಲ ಬಾರಿಸಿತು. ಆಗಲೂ ಹೋಗಲಿಲ್ಲ, ನಕ್ಕೆ. ಗಂಟೆ ನಿಂತಾಗ ನನಗೆ ಸಮಾಧಾನವಾಯಿತು. ಆಮೇಲೆ ಹೋಗಿ ನೋಡಿದಾಗ ರೋಗಿಯು ನೆಲದ ಮೇಲೆ ಬಿದ್ದಿದ್ದರು."

ಎಲ್ಲೂ ಎಡವಲಿಲ್ಲ. ಆದರೆ ಮೌನಗೌರಿಯ ಪಳಗಿದ ಕಿವಿಗೆ ಇನ್ನೊಂದು ಖಾಲಿ ಜಾಗ ಕೇಳಿಸಿತು.

"ಇದನ್ನ ಓದಿದವರು ಏನು ಕೇಳಬಹುದು?"

"ಯಾಕೆ ಮತ್ತೆ ಕೂತೆ ಅಂತ ಕೇಳ್ತಾರೆ."

"ಹೂಂ."

"ಕೇಳಿದ್ರೆ ಹೇಳ್ತೀನಿ. ಸುಳ್ಳು ಹೇಳಲ್ಲ." ಹುಡುಗಿ ಈಗ ಗಾಜಿನ ಕಡೆ ನೋಡಿದಳು. "ಆದ್ರೆ ಅದನ್ನ ಮೊದಲು ಚಿಕ್ಕಮ್ಮನೇ ಬರೀಲಿ ಮೇಡಂ. ಆ ಜಾಗ ಅವರಿಗೆ ಬಿಟ್ಟಿದ್ದೀನಿ."

ಮೌನಗೌರಿಗೆ ಇನ್ನು ಕೇಳುವುದೇನೂ ಉಳಿಯಲಿಲ್ಲ.

ಬಾಗಿಲು ತೆರೆದೇಬಿಟ್ಟಿತು. ಹಿಂದೆ ಟೀ ಲೋಟ ಹಿಡಿದ ಮೇಷ್ಟ್ರು. "ಕಾಗುಣಿತ ನೋಡಕ್ಕೆ ಇಷ್ಟು ಹೊತ್ತಾ?" ಎನ್ನುತ್ತ ಚಿಕ್ಕಮ್ಮ ಹಾಳೆಯನ್ನು ಕಸಿದುಕೊಂಡರು. ಓದುತ್ತ ಹೋದಂತೆ ಅವರ ಮುಖದ ಬಣ್ಣ ಇಳಿಯಿತು.

"ಏನೇ ಇದು? ತಿಂದ ಮನೆಗೇ ಎರಡು ಬಗೀತಿದ್ದೀಯಲ್ಲೇ? ಯಾರೇ ಹೇಳಿಕೊಟ್ಟಿದ್ದು?"

"ಯಾರೂ ಹೇಳಿಕೊಡ್ಲಿಲ್ಲ ಚಿಕ್ಕಮ್ಮ." ಹುಡುಗಿ ಎದ್ದು ನಿಂತಳು. ಚಿಕ್ಕಮ್ಮನ ಕೈಯಿಂದ ಹಾಳೆಯನ್ನು ಮೆಲ್ಲಗೆ ಬಿಡಿಸಿಕೊಂಡಳು. "ಇದರಲ್ಲಿ ನಿಮ್ಮ ಹೆಸರಿಲ್ಲ. ನೋಡಿ ಬೇಕಾದ್ರೆ. ನಾನು ಮುಖ ತೊಳ್ಕೊಂಡು, ಇದನ್ನ ಬೇರೆ ಹಾಳೆಗೆ ಇಳಿಸ್ಕೊಂಡು, ವಿಚಾರಣೆಗೇ ಹೋಗಿರ್ತೀನಿ." ಚೀಲದಿಂದ ಬಿಳಿ ಕೋಟು ತೆಗೆದು ಕೊಡವಿ ತೋಳಿನ ಮೇಲೆ ಹಾಕಿಕೊಂಡು ಹೊರಟಳು. ಬಾಗಿಲ ಹತ್ತಿರ ಒಂದು ಗಳಿಗೆ ನಿಂತಳು, ಮತ್ತೆ ತಿರುಗಿ ನೋಡದೆ ಹೋದಳು.

ಚಿಕ್ಕಮ್ಮ ಮೌನಗೌರಿಯ ಕಡೆ ತಿರುಗಿದರು. "ಉಗುರಲ್ಲಿ ಹೋಗೋದಕ್ಕೆ ಕೊಡಲಿ ತಗೊಂಡ್ರಲ್ಲ ನೀವು! ನಿನ್ನೆ ಕೊಟ್ಟೋರೂ ನೀವೇ, ಇವತ್ತು ಕಿತ್ಕೊಂಡೋರೂ ನೀವೇ. ನಿಮಗೇನು ಹೋಗ್ಬೇಕು ಹೇಳಿ? ಆ ಮಗು ಬೀದಿಗೆ ಬೀಳುತ್ತೆ."

ಆ ಮಾತು ನಾಟಿತು. ತಾನು ಆಗಲೇ ತನಗೆ ಹೇಳಿಕೊಂಡಿದ್ದ ಮಾತೇ ಅದು.

"ನಿಜ. ತಪ್ಪು ನಂದೇ" ಎಂದಳು. "ಆ ಸಾಲು ನಿಮ್ಮ ಹೇಳಿಕೆಯಲ್ಲೂ ಇದೆ ಅಂದ್ರಿ. ಅದೂ ನಂದೇ. ವಾಪಸ್ ಕೊಡ್ತೀರಾ?"

ಚಿಕ್ಕಮ್ಮ ನೀಲಿ ಫೈಲನ್ನು ಎದೆಗೆ ಅವುಚಿಕೊಂಡರು, ಯಾರೋ ಕಿತ್ತುಕೊಳ್ಳಲು ಬಂದ ಹಾಗೆ. ಬಾಗಿಲ ಕಡೆ ಹೆಜ್ಜೆ ಇಟ್ಟರು. ಗಾಜಿನಾಚೆ ಮೊಗಸಾಲೆ ಖಾಲಿಯಿತ್ತು. ಹುಡುಗಿ ಆಗಲೇ ಹೊರಟುಹೋಗಿದ್ದಳು. ವಾರ್ಡಿನಲ್ಲಿ ಹತ್ತು ಜನರನ್ನು ಕಣ್ಣಲ್ಲೇ ನಿಲ್ಲಿಸುವ ಆ ಎತ್ತರದ ಹೆಂಗಸು ಅಲ್ಲಿ, ಖಾಲಿ ಮೊಗಸಾಲೆಯನ್ನು ನೋಡುತ್ತ, ಹೋಗಲೂ ಆರದೆ ಇರಲೂ ಆರದೆ ನಿಂತರು. ಮೇಷ್ಟ್ರು ಟೀ ಲೋಟವನ್ನು ಸದ್ದಾಗದಂತೆ ಕಿಟಕಿಯ ಮೇಲಿಟ್ಟರು.

ಆಮೇಲೆ ಚಿಕ್ಕಮ್ಮ ಹಿಂದಕ್ಕೆ ಬಂದು, ಬರೆಯುವವರ ಕುರ್ಚಿಯಲ್ಲಿ ಕೂತರು. ಫೈಲು ಬಿಚ್ಚಿದರು.

"ಹೇಳಿ. ಏನ್ ಬರೀಬೇಕು?" ಮೊದಲಿನ ಗಡಸು ಇತ್ತು, ತಳದಲ್ಲಿ ಬೇರೇನೋ ಅಲ್ಲಾಡುತ್ತಿತ್ತು.

ಮೌನಗೌರಿ ಕೈಗಳನ್ನು ತೊಡೆಯ ಕೆಳಗೆ ಸೇರಿಸಿದಳು.

"ಮೊದಲು ಓದಿ. ಗಟ್ಟಿಯಾಗಿ."

ಚಿಕ್ಕಮ್ಮ ಓದಿದರು. ಡ್ಯೂಟಿಯಲ್ಲಿದ್ದವರ ಪಟ್ಟಿ, ಮಾತ್ರೆಯ ಹೊತ್ತು, ಮಂಚದ ಕಂಬಿ. ಒಪ್ಪವಾಗಿ, ಅಭ್ಯಾಸದ ಧ್ವನಿಯಲ್ಲಿ, ಸರಸರ. ಗಂಟೆ ಬಾರಿಸಿದಲ್ಲಿಗೆ ಬಂದರು.

ಅವರ ಗಂಟಲು ಅಲ್ಲಾಡಿತು.

ಮೌನಗೌರಿ ಕಾದಳು.